ನೆಹರೂ ನೆನಪು: ಮಗಳಿಗೆ ಕಾಗದ ಬರೆದ ತಂದೆ, ಜೈಲಿನಲ್ಲಿ ಹೂವಿನ ಪಾತಿ ಮಾಡಿದ ಕೈದಿ

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಮೇ 27 ಹತ್ತಿರವಾದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ಮಾತು ಬರುತ್ತದೆ. 1964ರ ಆ ಬುಧವಾರ ಮಧ್ಯಾಹ್ನ ಪೇಟೆಯ ಹೋಟೆಲಿನ ರೇಡಿಯೋದಲ್ಲಿ ನೆಹರೂ ತೀರಿಕೊಂಡ ಸುದ್ದಿ ಕೇಳಿದ ನಮ್ಮ ತಂದೆ, ಊರಿನವರೆಗೂ ಸೈಕಲ್ಲನ್ನು ತಳ್ಳಿಕೊಂಡೇ ಬಂದರಂತೆ. ಹತ್ತಿ ತುಳಿಯಲು ಮನಸ್ಸಾಗಲಿಲ್ಲ ಎಂದು ಆಮೇಲೆ ಅಜ್ಜಿಯ ಬಳಿ ಹೇಳಿದ್ದರಂತೆ. ನಮ್ಮ ತಂದೆ ಯಾವ ಪಕ್ಷದವರೂ ಆಗಿರಲಿಲ್ಲ.

ನೆಹರೂ ಅವರ ವಿದೇಶಾಂಗ ನೀತಿ, ಪಂಚವಾರ್ಷಿಕ ಯೋಜನೆಗಳು, 1962ರ ಯುದ್ಧ, ಇವುಗಳ ಬಗ್ಗೆ ನಮ್ಮ ಈ ಚರ್ಚಾ ವೇದಿಕೆಯಲ್ಲಿ ಹಿಂದೆ ಬೇಕಾದಷ್ಟು ಮಾತಾಗಿದೆ. ಈ ಸಲ ಬೇರೆಯದೊಂದು ವಿಷಯವನ್ನು ಮುಂದಿಡಬೇಕೆಂದಿದ್ದೇನೆ. ಮನೆಯವರನ್ನೂ ಮರಗಿಡ, ಪ್ರಾಣಿಪಕ್ಷಿಗಳನ್ನೂ ಅವರು ಹೇಗೆ ಪ್ರೀತಿಸಿದರು ಎಂಬುದನ್ನು ಓದುತ್ತಾ ಹೋದಂತೆ, ಆ ಎರಡು ಪ್ರೀತಿಗಳೂ ಒಂದೇ ಜಾಗದಲ್ಲಿ, ಅಂದರೆ ಜೈಲಿನಲ್ಲಿ, ಗಟ್ಟಿಯಾದವು ಎಂಬ ಭಾವನೆ ನನ್ನಲ್ಲಿ ಬಲವಾಗಿದೆ. ಒಂಬತ್ತು ಸಲ ಸೇರಿ ಸುಮಾರು ಒಂಬತ್ತು ವರ್ಷ ಸೆರೆಯಲ್ಲಿ ಕಳೆದ ಮನುಷ್ಯ ಅವರು. ಹೆಂಡತಿ, ಮಗಳು, ಹಿಮಾಲಯ ಎಲ್ಲವೂ ದೂರವಾಗಿದ್ದ ಆ ದಿನಗಳಲ್ಲಿ ಕೈಗೆಟುಕಿದ್ದನ್ನೇ ಕಣ್ಣಿಟ್ಟು ನೋಡುವುದನ್ನೂ, ನೋಡಿದ್ದನ್ನು ದೂರದಲ್ಲಿದ್ದವರಿಗೆ ಬರೆದು ತಲುಪಿಸುವುದನ್ನೂ ಅವರು ಕಲಿತರು.

ಒಂದು ಉದಾಹರಣೆ ಕೊಡುತ್ತೇನೆ. ಲಖನೌ ಜೈಲಿನಲ್ಲಿ ಅವರು ಬಹಳ ಹೊತ್ತು ಅಲುಗಾಡದೆ ಓದುತ್ತಾ ಕುಳಿತಿದ್ದಾಗ ಅಳಿಲೊಂದು ಕಾಲು ಹತ್ತಿ ಬಂದು ಮೊಣಕಾಲಿನ ಮೇಲೆ ಕುಳಿತು ಸುತ್ತಲೂ ನೋಡುತ್ತಿತ್ತಂತೆ. ಆಮೇಲೆ ಇವರ ಕಣ್ಣುಗಳನ್ನು ಕಂಡು, ತಾನು ಹತ್ತಿದ್ದು ಮರವಲ್ಲವೆಂದು ತಿಳಿದು, ಒಂದು ಕ್ಷಣ ಹೆದರಿ ಓಡಿಹೋಗುತ್ತಿತ್ತಂತೆ. ತಾಯಿಯನ್ನು ಕಳೆದುಕೊಂಡ ಅಳಿಲು ಮರಿಗಳು ಜೊತೆಯ ಕೈದಿಯೊಬ್ಬರಿಗೆ ಸಿಕ್ಕಾಗ ಅವಕ್ಕೆ ಹಾಲು ಕುಡಿಸುವುದು ಹೇಗೆಂಬ ಪ್ರಶ್ನೆ ಬಂತು. ಫೌಂಟನ್ ಪೆನ್ನಿಗೆ ಶಾಯಿ ತುಂಬುವ ಫಿಲ್ಲರಿನ ತುದಿಗೆ ಸ್ವಲ್ಪ ಹತ್ತಿ ಸುತ್ತಿದರು, ಅದೇ ಹಾಲಿನ ಬಾಟಲಿಯಾಯಿತು. ಬರೆಯುವ ಕೈಯಲ್ಲಿದ್ದ ಸಾಧನವೇ ಸಾಕುವ ಸಾಧನವೂ ಆಯಿತಲ್ಲ ಎಂದು ಆ ಪುಟ ತೆರೆದಾಗಲೆಲ್ಲ ನನಗೆ ಅನ್ನಿಸುತ್ತದೆ.

1942ರ ಆಗಸ್ಟ್‌ನಲ್ಲಿ ಅಹಮದ್‌ನಗರದ ಕೋಟೆಗೆ ಒಯ್ದಾಗ ಅವರಿಗೆ ಐವತ್ತೆರಡು ವರ್ಷ. ಅಲ್ಲಿಯ ಅಂಗಳದ ಮಣ್ಣು ಕೆಟ್ಟದ್ದು, ಹಳೆಯ ಕಟ್ಟಡಗಳ ಕಲ್ಲುಚೂರುಗಳಿಂದ ತುಂಬಿದ್ದು. ಅಂಥ ನೆಲವನ್ನು ಬಿಸಿಲಿನಲ್ಲಿ ಗಂಟೆಗಟ್ಟಲೆ ಅಗೆದು ಹೂವಿನ ಪಾತಿಗಳನ್ನು ಮಾಡಿದರು. ಯಾವಾಗ ಬಿಡುಗಡೆಯಾಗುತ್ತದೆಂದು ತಿಳಿಯದವನು ಹೂವಿನ ಬೀಜ ಹಾಕುತ್ತಾನೆಂದರೆ ಅವನ ಮನಸ್ಸು ಎಂಥದ್ದಿರಬೇಕು ಎಂದು ಯೋಚಿಸಿ ನೋಡಿ. ನಿಮ್ಮ ಓದಿನಲ್ಲಿ, ನೆನಪಿನಲ್ಲಿ ಇರುವುದನ್ನು ದಯವಿಟ್ಟು ಸೇರಿಸಿ. ಭಿನ್ನಾಭಿಪ್ರಾಯವಿದ್ದರೂ ಬರೆಯಿರಿ.

ನಿವೃತ್ತ ಉಪಾಧ್ಯಾಯಿನಿ

ನಿಮ್ಮ ತಂದೆಯವರು ಸೈಕಲ್ ತಳ್ಳಿಕೊಂಡು ಬಂದ ಮಾತು ಓದಿ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆ. ನಾನಾಗ ಪ್ರಾಥಮಿಕ ಶಾಲೆಯ ಹುಡುಗಿ.

ಮುಂದೆ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಹಾಗಾಗಿ ನನಗೆ ಅವರ ಕಾಗದಗಳೇ ಮೊದಲು ನೆನಪಾಗುತ್ತವೆ. 1928ರ ಬೇಸಿಗೆಯಲ್ಲಿ ಹತ್ತು ವರ್ಷದ ಇಂದಿರಾ ಮಸ್ಸೂರಿಯಲ್ಲಿದ್ದರು, ತಂದೆ ಅಲಹಾಬಾದಿನಲ್ಲಿದ್ದರು. ಆಗ ಬರೆದ ಕಾಗದಗಳ ಮೊದಲನೆಯದರಲ್ಲೇ ಅವರು ಮಗಳಿಗೆ ಹೇಳಿದ್ದು, ಭೂಮಿಯ ಕಥೆ ತಿಳಿಯಬೇಕಾದರೆ ಪ್ರಕೃತಿಯೆಂಬ ಪುಸ್ತಕವನ್ನು ಓದಬೇಕು, ಕಲ್ಲು, ಬೆಟ್ಟಗಳೇ ಅದರ ಪುಟಗಳು ಎಂದು. ದುಂಡಗೆ, ನುಣ್ಣಗೆ ಹೊಳೆಯುವ ಸಣ್ಣ ಕಲ್ಲೊಂದನ್ನು ಎತ್ತಿಕೊಂಡು, ಅದು ಹೀಗೇಕಿದೆ ಎಂದು ಕೇಳುತ್ತಾರೆ. ದೊಡ್ಡ ಬಂಡೆಯಿಂದ ಒಡೆದ ಚೂಪಾದ ತುಂಡು ಮಳೆಯ ನೀರಿನಲ್ಲಿ ಕಣಿವೆಗೆ ಬಂದು, ಹೊಳೆಯಲ್ಲಿ ಉರುಳಿ, ಮೂಲೆಗಳೆಲ್ಲ ಸವೆದು ಈ ರೂಪಕ್ಕೆ ಬಂದ ಬಗೆಯನ್ನು ವಿವರಿಸುತ್ತಾರೆ. ನಾನು ಮೂರು ತಲೆಮಾರಿನ ಮಕ್ಕಳಿಗೆ ಈ ಪಾಠ ಮಾಡಿದ್ದೇನೆ, ಒಂದು ವರ್ಷವೂ ಬೇಸರವಾಗಲಿಲ್ಲ.

1930ರಲ್ಲಿ ಮಗಳಿಗೆ ಹದಿಮೂರು ತುಂಬಿದಾಗ ಅವರು ನೈನಿ ಜೈಲಿನಲ್ಲಿದ್ದರು. ಹುಟ್ಟುಹಬ್ಬಕ್ಕೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಆ ದಿನ ಬರೆದ ಕಾಗದವೇ ಉಡುಗೊರೆಯಾಯಿತು, ಅದರಿಂದ ಮೊದಲಾಗಿ 1933ರವರೆಗೆ ಪ್ರಪಂಚದ ಇತಿಹಾಸವನ್ನೇ ಕಾಗದಗಳಲ್ಲಿ ಬರೆದುಬಿಟ್ಟರು. ಹತ್ತಿರ ಆಕರ ಗ್ರಂಥಗಳ ಭಂಡಾರವಿಲ್ಲ, ಓದಿ ಮಾಡಿಕೊಂಡ ಟಿಪ್ಪಣಿಗಳು, ನೆನಪು ಇಷ್ಟೇ.

ಇನ್ನೊಂದು ಸಂಗತಿ ಹೆಂಗಸರಾದ ನಮಗೆ ಬೇಗ ಅರ್ಥವಾಗುವಂಥದ್ದು. 1942ರ ಮಾರ್ಚ್ 26ರಂದು ಇಂದಿರಾ ಮದುವೆಯಲ್ಲಿ ಉಟ್ಟದ್ದು ತಂದೆ ಜೈಲಿನಲ್ಲಿ ತೆಗೆದ ನೂಲಿನಿಂದ ನೇಯ್ದ ತಿಳಿಗೆಂಪು ಖಾದಿ ಸೀರೆ. ಧಾರೆ ಸೀರೆಯನ್ನು ಅಂಗಡಿಯಿಂದ ತರುವುದು ಬೇರೆ. ಎಳೆ ಕಡಿದು, ಮತ್ತೆ ಸೇರಿಸಿ, ದಿನದಿನವೂ ಸ್ವಲ್ಪಸ್ವಲ್ಪ ನೂತು ಅಷ್ಟು ಉದ್ದದ ಸೀರೆಗಾಗುವಷ್ಟು ನೂಲು ಕೂಡಿಡುವುದು ಬೇರೆ. ನಮ್ಮಮ್ಮ ತಕಲಿ ಹಿಡಿದು ನೂಲುತ್ತಿದ್ದವರು, ಅದು ಎಷ್ಟು ತಾಳ್ಮೆ ಬೇಡುತ್ತದೆಂದು ನೋಡಿ ಬಲ್ಲೆ.

ಶರಾವತಿ ಮುಳುಗಡೆಯವನು

ಹೇಮಾವತಿ ದಂಡೆಯವರೇ, ಉಪಾಧ್ಯಾಯಿನಿಯವರೇ, ನಿಮ್ಮಿಬ್ಬರ ಬರಹವನ್ನೂ ಗೌರವದಿಂದ ಓದಿದೆ. ನೀವು ಹೇಳಿದ ಸಂಗತಿಗಳಲ್ಲಿ ಯಾವುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ನನ್ನ ಹಿನ್ನೆಲೆಯವನು ಇಲ್ಲಿ ಸುಮ್ಮನಿದ್ದರೆ ಚರ್ಚೆ ಪೂರ್ತಿಯಾಗುವುದಿಲ್ಲ ಎನ್ನುವ ಕಾರಣಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆತನದ ಅಡಿಕೆ ತೋಟ, ಮನೆ, ದೇವರ ಕಟ್ಟೆ ಎಲ್ಲವೂ ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿವೆ. ಆ ಅಣೆಕಟ್ಟು ಪೂರ್ತಿಯಾದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷವೇ. ಮನೆ ಬಿಡುವ ದಿನ ನಮ್ಮ ಅಜ್ಜಿ ಪಾತ್ರೆ ಪರಡಿಗಿಂತ ಮೊದಲು ಗಾಡಿಗೆ ಏರಿಸಿದ್ದು ಉಪ್ಪಿನಲ್ಲಿ ಹಾಕಿದ್ದ ಅಪ್ಪೆಮಿಡಿಯ ಎರಡು ಭರಣಿಗಳನ್ನು. ಹೊಳೆಯಂಚಿನ ಆ ಮರದ ಮಿಡಿ ಇನ್ನು ಸಿಗುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಆ ಭರಣಿಗಳನ್ನು ಅವರು ಎಷ್ಟೋ ವರ್ಷ ಮುಗಿಸದೆ ಇಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಈಗಲೂ ನಮ್ಮ ಬಾವಿಯ ಕಲ್ಲುಗಳು, ಕಪ್ಪಗೆ ನಿಂತ ಮರದ ಬೊಡ್ಡೆಗಳು ಕಾಣಿಸುತ್ತವೆ. ಹೋಗಿ ನೋಡಿಕೊಂಡು ಬರುತ್ತೇವೆ.

ಶರಾವತಿ ಯೋಜನೆ ಆಗಿನ ಮೈಸೂರು ರಾಜ್ಯದ್ದು, ಅದರ ಹೊಣೆಯನ್ನು ನೆಹರೂ ಒಬ್ಬರ ತಲೆಗೆ ಕಟ್ಟಲು ನಾನು ಬಂದಿಲ್ಲ. ಆದರೆ ದೊಡ್ಡ ಅಣೆಕಟ್ಟುಗಳು ದೇಶದ ಹೆಮ್ಮೆಯಾಗಬೇಕೆಂಬ ಆ ಕಾಲದ ಹುಮ್ಮಸ್ಸಿಗೆ ದನಿ ಕೊಟ್ಟವರು ಅವರು. 1948ರಲ್ಲಿ ಒಡಿಶಾದ ಹಿರಾಕುಡ್ ಅಣೆಕಟ್ಟಿನ ಜಾಗದಲ್ಲಿ, ಕಷ್ಟಪಡಲೇಬೇಕಾದರೆ ದೇಶದ ಹಿತಕ್ಕಾಗಿ ಕಷ್ಟಪಡಿ ಎಂಬ ಅರ್ಥದ ಮಾತನ್ನು ಮುಳುಗಡೆಯಾಗಲಿದ್ದ ಜನರಿಗೆ ಹೇಳಿದವರೂ ಅವರೇ. ಮೊಣಕಾಲೇರಿದ ಅಳಿಲಿನ ಬಗ್ಗೆ ಅಷ್ಟು ಅಕ್ಕರೆಯಿಂದ ಬರೆದ ಮನುಷ್ಯನಿಗೆ ಕಣಿವೆಯೊಂದು ಮುಳುಗುವುದರ ನೋವು ಗೊತ್ತಿರಲಿಲ್ಲವೇ? ಇದು ವಾದಕ್ಕಾಗಿ ಕೇಳುವ ಪ್ರಶ್ನೆಯಲ್ಲ. ನನಗೆ ನಿಜವಾಗಿಯೂ ಉತ್ತರ ಬೇಕಾಗಿದೆ.

ಹೇಮಾವತಿ ದಂಡೆ

ನಿಮ್ಮ ಅಜ್ಜಿಯವರ ಭರಣಿಗಳ ಮಾತಿಗೆ ಎದುರಾಗಿ ಇಡಬಲ್ಲ ಸಮಾಧಾನ ನನ್ನಲ್ಲಿಲ್ಲ. ನಮ್ಮ ಹೇಮಾವತಿ ಕಡೆಯಲ್ಲೂ ಮುಳುಗಡೆಯವರಿದ್ದಾರೆ, ಅವರ ಮನೆಗಳಲ್ಲೂ ಇಂಥ ಕಥೆಗಳನ್ನು ಕೇಳಿ ಬೆಳೆದಿದ್ದೇನೆ.

ನನಗೆ ತಿಳಿದಷ್ಟನ್ನು ಹೇಳುತ್ತೇನೆ. 1954ರಲ್ಲಿ ಭಾಕ್ರಾ ಕಾಲುವೆಗಳನ್ನು ಉದ್ಘಾಟಿಸುತ್ತಾ ಅಂಥ ಕೆಲಸಗಳನ್ನು ದೇವಸ್ಥಾನಗಳಿಗೆ ಹೋಲಿಸಿದ ನೆಹರೂ, 1958ರ ನವೆಂಬರ್‌ನಲ್ಲಿ ನೀರಾವರಿ ಮತ್ತು ವಿದ್ಯುತ್ ಇಂಜಿನಿಯರುಗಳ ಸಭೆಯಲ್ಲಿ ಬೇರೆಯದೇ ಮಾತಾಡಿದರು. ದೊಡ್ಡದನ್ನು ಮಾಡಿ ತೋರಿಸಬೇಕೆನ್ನುವುದಕ್ಕಾಗಿಯೇ ದೊಡ್ಡದನ್ನು ಮಾಡುವುದು ಒಂದು ರೋಗ, ಅದು ನಮಗೆ ಅಂಟುತ್ತಿದೆಯೋ ಏನೋ ಎಂಬ ಅನುಮಾನವನ್ನು ಅವರು ಅಲ್ಲಿ ಬಿಚ್ಚಿಟ್ಟರು. ಸಣ್ಣ ನೀರಾವರಿ, ಸಣ್ಣ ಯೋಜನೆಗಳ ಕಡೆಗೆ ಗಮನ ಸೆಳೆದರು. ಆದರೆ ಆ ಹೊತ್ತಿಗೆ ಕೆಲಸಗಳು ಓಟ ಹಿಡಿದಿದ್ದವು. ತಾವೇ ಕೊಟ್ಟ ಹುಮ್ಮಸ್ಸಿಗೆ ಲಗಾಮು ಹಾಕಲು ಅವರಿಂದ ಆಗಲಿಲ್ಲ. ಇದನ್ನು ನಾನು ಅವರ ದೊಡ್ಡ ಸೋಲುಗಳಲ್ಲಿ ಒಂದೆಂದೇ ಎಣಿಸುತ್ತೇನೆ.

ಮನೆಯ ವಿಷಯದಲ್ಲೂ ಹೀಗೆಯೇ ತಡವಾಗಿ ಕಣ್ಣು ತೆರೆದವರು ಅವರು. 1916ರ ವಸಂತಪಂಚಮಿಯಂದು ಕಮಲಾ ಅವರನ್ನು ಮದುವೆಯಾದರು. ಆಕೆಗೆ ಆಗ ಹದಿನಾರೂವರೆ ವರ್ಷ. ಚಳವಳಿಯಲ್ಲಿ ಮುಳುಗಿದ ಮೊದಲ ವರ್ಷಗಳಲ್ಲಿ ಆಕೆ ಕೊಟ್ಟದ್ದನ್ನೆಲ್ಲ ತೆಗೆದುಕೊಂಡೆ, ನಾನು ಆಕೆಗೆ ಕೊಟ್ಟದ್ದೇನು ಎಂದು ಆಮೇಲೆ ತಮ್ಮನ್ನೇ ಕೇಳಿಕೊಂಡಿದ್ದಾರೆ. 1924ರಲ್ಲಿ ಹುಟ್ಟಿದ ಗಂಡುಮಗು ಕೆಲವೇ ದಿನ ಬದುಕಿತು. ಮುಂದೆ ಕಮಲಾ ಅವರಿಗೆ ಕ್ಷಯ. ಆಕೆಯನ್ನು ಭೋವಾಲಿಯ ಸ್ಯಾನಿಟೋರಿಯಮ್ಮಿಗೆ ಸೇರಿಸಿದಾಗ, ಹತ್ತಿರವಿರಲೆಂದು ಇವರನ್ನು ಅಲ್ಮೋರಾ ಜೈಲಿಗೆ ಸಾಗಿಸಿದರು. ಮಧ್ಯೆ ಮಧ್ಯೆ ಕೆಲವು ಗಂಟೆಗಳ ಭೇಟಿ, ಉಳಿದಂತೆ ಅಲ್ಮೋರಾದ ಮೋಡಗಳನ್ನು ನೋಡುತ್ತಾ ಕೂರುವುದು. 1936ರ ಫೆಬ್ರವರಿ 28ರಂದು ಆಕೆ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಹೊತ್ತು ವಿಮಾನದಲ್ಲಿ ಮರಳುವಾಗ ಬಾಗ್ದಾದಿನಿಂದ ಲಂಡನ್ನಿನ ಪ್ರಕಾಶಕರಿಗೆ ತಂತಿ ಕಳಿಸಿ, ಅಚ್ಚಿನಲ್ಲಿದ್ದ ಆತ್ಮಕಥೆಯನ್ನು ಇನ್ನಿಲ್ಲದ ಕಮಲಾಗೆ ಅರ್ಪಿಸಿದರು.

ಆ ಮೂವರೂ ಒಟ್ಟಿಗೆ ನೆಮ್ಮದಿಯಾಗಿದ್ದ ದಿನಗಳು ಬಹಳ ಕಡಿಮೆ. 1931ರಲ್ಲಿ, ತಂದೆ ಮೋತಿಲಾಲರು ತೀರಿಕೊಂಡ ಮೇಲೆ, ಹೆಂಡತಿ ಮತ್ತು ಮಗಳ ಜೊತೆ ಸಿಲೋನಿಗೆ ಹೋಗಿ, ಬರುವಾಗ ಕನ್ಯಾಕುಮಾರಿಯಿಂದ ಹಿಡಿದು ತಿರುವಾಂಕೂರು, ಕೊಚ್ಚಿ, ಮಲಬಾರುಗಳನ್ನು ಹಾಯ್ದು ನಮ್ಮ ಮೈಸೂರು ಸೀಮೆಯ ಮೂಲಕ ಹೈದರಾಬಾದಿಗೆ ಹೋದರು. ನಮ್ಮ ನೆಲದ ಮೇಲೆ ಆ ಮೂವರು ಒಟ್ಟಾಗಿ ಓಡಾಡಿದ್ದರೆಂಬುದು ನನಗೇಕೋ ಬಹಳ ಹಿತವಾದ ಸಂಗತಿ.

ಟೋಕಿಯೋ ಕನ್ನಡತಿ

ಹದಿನೆಂಟು ವರ್ಷಗಳಿಂದ ಜಪಾನಿನಲ್ಲಿರುವವಳು ನಾನು. ಇಲ್ಲಿನ ವಯಸ್ಸಾದವರ ಬಳಿ ನೆಹರೂ ಹೆಸರು ಎತ್ತಿದರೆ ಅವರು ಮೊದಲು ಕೇಳುವುದು ಆನೆಯ ವಿಷಯ. ಆ ಆನೆ ನಮ್ಮದು, ಮೈಸೂರು ಸೀಮೆಯದು ಎನ್ನುವುದು ನಮ್ಮವರಲ್ಲೇ ಎಷ್ಟೋ ಜನರಿಗೆ ತಿಳಿದಿಲ್ಲ.

ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಏನೋ ಮೃಗಾಲಯದ ಆನೆಗಳು ಸತ್ತವು. ಬಾಂಬು ಬಿದ್ದು ಪ್ರಾಣಿಗಳು ಹೊರಬಂದಾವೆಂಬ ಭಯದಿಂದ ಅವಕ್ಕೆ ಆಹಾರ ಕೊಡದೆ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ ಆನೆಯನ್ನೇ ನೋಡಿರದ ಮಕ್ಕಳು ಒಂದು ಆನೆ ಬೇಕೆಂದು ನೆಹರೂ ಅವರಿಗೆ ಕಾಗದಗಳನ್ನು ಬರೆದರು. ಮಗಳಿಗೆ ಅಷ್ಟೊಂದು ಕಾಗದ ಬರೆದ ತಂದೆ ಬೇರೆ ಮಕ್ಕಳ ಕಾಗದಕ್ಕೆ ಉತ್ತರ ಕೊಡದೆ ಇರುತ್ತಾರೆಯೇ? 1949ರ ಸೆಪ್ಟೆಂಬರಿನಲ್ಲಿ ಹಡಗಿನಲ್ಲಿ ಹೆಣ್ಣಾನೆಯೊಂದು ಬಂತು. ಅದಕ್ಕೆ ಮಗಳ ಹೆಸರನ್ನೇ ಇಟ್ಟಿದ್ದರು, ಇಂದಿರಾ. ಜೊತೆಯಲ್ಲಿ ಕಳಿಸಿದ ಕಾಗದದಲ್ಲಿ, ಇದು ನನ್ನ ಉಡುಗೊರೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕಳಿಸುತ್ತಿರುವುದು ಎಂಬರ್ಥದ ಮಾತುಗಳಿದ್ದವು.

ಆನೆ ಇಂದಿರಾ ಕೇಳಿ ಬಲ್ಲ ಭಾಷೆ ಕನ್ನಡ ಮಾತ್ರ. ಹಾಗಾಗಿ ಇಲ್ಲಿನ ಆನೆ ನೋಡಿಕೊಳ್ಳುವವರು ಊರಿನಿಂದ ಬಂದ ಮಾವುತರ ಬಳಿ ಎರಡು ತಿಂಗಳು ಕುಳಿತು ಆ ಮಾತುಗಳನ್ನು ಕಲಿತರು. ಯುದ್ಧದಲ್ಲಿ ಸುಟ್ಟುಹೋದ ನಗರವೊಂದರಲ್ಲಿ ಜಪಾನಿಯರು ಆನೆಯ ಕಿವಿಯ ಬಳಿ ನಿಂತು ನಮ್ಮ ಮಾತನ್ನು ತಿದ್ದಿ ತಿದ್ದಿ ಹೇಳುತ್ತಿದ್ದ ದೃಶ್ಯವನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬಿಬರುತ್ತದೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಕನ್ನಡದ ಒಂದು ಮಾತಿಗಾಗಿ ಎಷ್ಟು ಹಂಬಲಿಸಿದ್ದೆನೆಂದು ನನಗೇ ಗೊತ್ತು. 1957ರಲ್ಲಿ ನೆಹರೂ ಮಗಳೊಂದಿಗೆ ಜಪಾನಿಗೆ ಬಂದಾಗ ಉಏನೋಗೆ ಹೋಗಿ ಆ ಆನೆಯನ್ನು ಕಂಡುಬಂದರು. ಅದು 1983ರವರೆಗೆ ಬದುಕಿತ್ತು.

ಹಕ್ಕಿ ಗೆಳೆಯ

ಟೋಕಿಯೋ ಅಕ್ಕನವರ ಬರಹಕ್ಕೆ ಕೈಮುಗಿಯುತ್ತೇನೆ. ಮೈಸೂರಿನ ನಂಟು ಆನೆಯೊಂದಕ್ಕೇ ಮುಗಿಯುವುದಿಲ್ಲ. 1952ರಲ್ಲಿ ಕೇಂದ್ರ ಸರ್ಕಾರ ವನ್ಯಜೀವಿಗಳಿಗಾಗಿ ಭಾರತೀಯ ಮಂಡಳಿಯನ್ನು ರಚಿಸಿದಾಗ ಅದರ ಅಧ್ಯಕ್ಷರಾದವರು ನಮ್ಮ ಮಹಾರಾಜ ಜಯಚಾಮರಾಜೇಂದ್ರ ಒಡೆಯರು, ಮೊದಲ ಸಭೆ ಸೇರಿದ್ದೂ ಮೈಸೂರಿನಲ್ಲೇ. ಇಂದು ಶಾಲೆಗಳಲ್ಲಿ ಆಚರಿಸುವ ವನ್ಯಜೀವಿ ಸಪ್ತಾಹಕ್ಕೆ ಮೂಲ ಆ ಮಂಡಳಿ.

ಹಕ್ಕಿಗಳ ವಿಷಯದಲ್ಲೂ ಜೈಲು ಮತ್ತು ಮಗಳು ಒಟ್ಟಿಗೇ ಬರುತ್ತಾರೆ. ಡೆಹ್ರಾಡೂನ್ ಜೈಲಿನಿಂದ ನೆಹರೂ ಮಗಳಿಗೆ ಸಲೀಂ ಅಲಿಯವರ ಹಕ್ಕಿಗಳ ಪುಸ್ತಕವನ್ನು ಕಳಿಸಿದರು. ಅದು ಕೈಗೆ ಬರುವವರೆಗೆ ತಾನು ಹಕ್ಕಿಗಳನ್ನು ಗಮನಿಸಿಯೇ ಇರಲಿಲ್ಲವೆಂದು ಇಂದಿರಾ ಗಾಂಧಿ ಬರೆದಿದ್ದಾರೆ. ಅದೇ ಡೆಹ್ರಾಡೂನ್ ಜೈಲಿನ ಹಿಂದಿನ ವಾಸದಲ್ಲಿ ಕಣಜಗಳು ಅವರ ಕೋಣೆಯ ತುಂಬ ಇದ್ದವು. ಒಂದು ಕಚ್ಚಿದಾಗ ಸಿಟ್ಟಿನಿಂದ ಎಲ್ಲವನ್ನೂ ಕೊಂದುಹಾಕಲು ಹೊರಟರು. ಅವು ಗೂಡು ಉಳಿಸಿಕೊಳ್ಳಲು ಹೋರಾಡುವುದನ್ನು ಕಂಡು ಕೈಬಿಟ್ಟರು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವುಗಳ ನಡುವೆಯೇ ಇದ್ದರು, ಒಂದೂ ಕಚ್ಚಲಿಲ್ಲ. ಕಾಯಿಲೆ ಬಿದ್ದ ನಾಯಿಮರಿಯೊಂದಕ್ಕಾಗಿ ರಾತ್ರಿ ಹತ್ತು ಹನ್ನೆರಡು ಸಲ ಎದ್ದದ್ದೂ ಅಲ್ಲೇ. ಮರಿ ಬದುಕಿಕೊಂಡಿತು. ತಮ್ಮ ಮಗುವಿನ ಪಕ್ಕದಲ್ಲಿ ಹಾಗೆ ರಾತ್ರಿ ಏಳುವ ಅವಕಾಶ ಅವರಿಗೆ ಎಷ್ಟು ಸಲ ಸಿಕ್ಕಿತ್ತೋ ಎಂದು ಯೋಚಿಸುತ್ತೇನೆ.

ಶರಾವತಿ ಮುಳುಗಡೆಯವನು

ಹೇಮಾವತಿ ದಂಡೆಯವರೇ, ನೀವು ಸಮಜಾಯಿಷಿ ಕೊಡದೆ ಸೋಲನ್ನು ಸೋಲೆಂದೇ ಕರೆದಿರಿ. ಅದಕ್ಕಾಗಿ ಕೃತಜ್ಞತೆಗಳು. ಕಣಜದ ಗೂಡಿನ ಪ್ರಸಂಗ ನನಗೆ ತಿಳಿದಿರಲಿಲ್ಲ. ಒಂದು ಗೂಡನ್ನು ಎದುರಿಗೆ ಕಂಡಾಗ ಕೈ ತಡೆದವರಿಗೆ, ದೆಹಲಿಯಲ್ಲಿ ನಕ್ಷೆಯ ಮೇಲೆ ಕಂಡ ಕಣಿವೆಗಳಲ್ಲಿ ಗೂಡುಗಳು ಕಾಣಿಸಲಿಲ್ಲವೇನೋ ಎಂದು ಈಗ ಅನ್ನಿಸುತ್ತಿದೆ. ಇದು ನನ್ನ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ. ಆದರೂ ಈ ದಿಕ್ಕಿನಲ್ಲಿ ನಾನು ಹಿಂದೆ ಯೋಚಿಸಿರಲಿಲ್ಲ.

ಹೇಮಾವತಿ ದಂಡೆ

ನೀವು ಹೇಳಿದ ಮಾತು ನನಗೂ ಹೊಳೆದಿರಲಿಲ್ಲ. ಹತ್ತಿರದಿಂದ ಕಂಡದ್ದನ್ನು ಮಾತ್ರ ಅವರು ಪೂರ್ತಿಯಾಗಿ ಪ್ರೀತಿಸಬಲ್ಲವರಾಗಿದ್ದರು, ಅಧಿಕಾರ ಬಂದ ಮೇಲೆ ಹತ್ತಿರದಿಂದ ನೋಡುವ ಬಿಡುವು ಉಳಿಯಲಿಲ್ಲ.

ಕೈಲಾಸ ಮತ್ತು ಮಾನಸ ಸರೋವರವನ್ನು ನೋಡಬೇಕೆಂಬ ಆಸೆ ಅವರಿಗೆ ಯೌವನದಿಂದ ಇತ್ತು. 1916ರಲ್ಲಿ, ಮದುವೆಯಾದ ವರ್ಷವೇ, ಕಾಶ್ಮೀರದ ಝೋಜಿ ಲಾ ಕಣಿವೆದಾರಿಯ ಆಚೆ ಅಮರನಾಥದ ಕಡೆಗೆ ನಡೆಯುವಾಗ ನೀರ್ಗಲ್ಲಿನ ಬಿರುಕಿನೊಳಗೆ ಜಾರಿ, ಹಗ್ಗ ಗಟ್ಟಿಯಾಗಿ ನಿಂತದ್ದರಿಂದ ಉಳಿದುಕೊಂಡವರು. ಅಷ್ಟಾದರೂ ಬೆಟ್ಟದ ಹುಚ್ಚು ಬಿಡಲಿಲ್ಲ. ವಯಸ್ಸಾಗುತ್ತಿದೆ, ಕೈಲಾಸಕ್ಕೆ ಹೋಗುವುದು ಆದೀತೋ ಇಲ್ಲವೋ ಎಂದು ಜೈಲಿನಲ್ಲಿ ಕುಳಿತು ಬರೆದುಕೊಂಡರು. ಹೋಗಲು ಆಗಲೇ ಇಲ್ಲ. ಆದರೆ 1958ರ ಸೆಪ್ಟೆಂಬರಿನಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಸಿಕ್ಕಿಮಿನಿಂದ ನಾಥು ಲಾ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮೂಲಕ ಕುದುರೆ ಮತ್ತು ಯಾಕ್‌ಗಳ ಮೇಲೆ ಭೂತಾನದ ಪಾರೋ ತಲುಪಿದರು. ಅದು ರಾಜತಾಂತ್ರಿಕ ಪ್ರವಾಸವೇ ಸರಿ. ಆದರೂ ಆ ಬೆಟ್ಟದ ದಾರಿಯಲ್ಲಿ ಮಗಳು ಜೊತೆಯಲ್ಲಿದ್ದರು. ಮಸ್ಸೂರಿಯ ಹುಡುಗಿಗೆ ಕಾಗದದಲ್ಲಿ ತೋರಿಸಿದ ಕಲ್ಲು, ಹೊಳೆಗಳನ್ನು ಮೂವತ್ತು ವರ್ಷಗಳ ನಂತರ ಇಬ್ಬರೂ ಒಟ್ಟಿಗೆ ನೋಡಿದರು.

1954ರ ಜೂನ್ 21ರಂದು ಬರೆದಿಟ್ಟ ಉಯಿಲಿನಲ್ಲಿ ತಮ್ಮ ಚಿತಾಭಸ್ಮದ ಒಂದು ಹಿಡಿಯನ್ನು ಅಲಹಾಬಾದಿನಲ್ಲಿ ಗಂಗೆಗೆ ಬಿಡಬೇಕೆಂದು ಕೇಳಿಕೊಂಡರು. ಅದಕ್ಕೆ ಧಾರ್ಮಿಕ ಕಾರಣವಿಲ್ಲ, ಚಿಕ್ಕಂದಿನಿಂದ ಆ ನದಿಯನ್ನು ಋತುಋತುವಿನಲ್ಲಿ ನೋಡಿ ಬೆಳೆದ ಮಮತೆ ಮಾತ್ರ ಎಂದೂ, ಅದು ತಮಗೆ ಹಿಮಾಲಯವನ್ನು ನೆನಪಿಸುತ್ತದೆಂದೂ ಬರೆದರು. ಉಳಿದ ಬಹುಪಾಲನ್ನು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕೆಂದರು. 1964ರ ಜೂನ್‌ನಲ್ಲಿ ಹಾಗೆಯೇ ಮಾಡಿದರು. ಮುಂಗಾರಿನ ಹೊತ್ತು ಅದು. ನಮ್ಮ ತಂದೆ ಆ ವರ್ಷ ಹೊಲದಲ್ಲಿ ಮೊದಲ ಸಾಲು ಹೊಡೆಯುವಾಗ ನೇಗಿಲು ನಿಲ್ಲಿಸಿ ಒಮ್ಮೆ ಆಕಾಶದ ಕಡೆ ನೋಡಿದ್ದನ್ನು ನಮ್ಮ ಅಣ್ಣ ಕಂಡಿದ್ದಾನೆ.

ನಿವೃತ್ತ ಉಪಾಧ್ಯಾಯಿನಿ

ಇಷ್ಟೆಲ್ಲ ಓದಿದ ಮೇಲೆ ನಿನ್ನೆ ಸಂಜೆ ಅಟ್ಟದ ಮೇಲಿನ ತಗಡಿನ ಡಬ್ಬಿಯನ್ನು ಇಳಿಸಿದೆ. ಆ ಕಲ್ಲಿನ ಪಾಠವಾದ ಮರುದಿನ ಪ್ರತಿ ವರ್ಷ ಮಕ್ಕಳಿಗೆ ಹೊಳೆಯಿಂದ ಒಂದೊಂದು ಕಲ್ಲು ತರಲು ಹೇಳುತ್ತಿದ್ದೆ, ಚೆನ್ನಾಗಿರುವುದನ್ನು ಇಟ್ಟುಕೊಳ್ಳುತ್ತಿದ್ದೆ. ಕೆಲವಕ್ಕೆ ಮಕ್ಕಳು ಪೆನ್ಸಿಲಿನಲ್ಲಿ ಬರೆದ ವರ್ಷ ಇನ್ನೂ ಕಾಣುತ್ತದೆ. ಮೊಮ್ಮಗಳು ಒಂದೊಂದನ್ನೇ ಕೈಗೆತ್ತಿಕೊಂಡು, "ಅಜ್ಜಿ, ಇದರ ಮೂಲೆ ಇನ್ನೂ ಪೂರ್ತಿ ಸವೆದಿಲ್ಲ, ಇದನ್ನು ವಾಪಸ್ ಹೊಳೆಗೆ ಹಾಕಬೇಕಲ್ಲವಾ?" ಎಂದು ಕೇಳಿದಳು. ಭಾನುವಾರ ಹೋಗೋಣ ಎಂದಿದ್ದೇನೆ.